ಕೆಳಮುಖದ ಪಂಜು

ಮೊನ್ನೆ ಮಗಳ ಶಾಲೆಯಲ್ಲಿ ಮಕ್ಕಳೆಲ್ಲ ಅಚ್ಚಿನ ಚಿತ್ರ ಮಾಡುತ್ತಿದ್ದರು. ಕೋಣೆಗೆ ಕಾಲಿಡುತ್ತಲೇ ಎಣ್ಣೆ ಬೆರೆತ ಮಸಿಯ ವಾಸನೆ ಮೂಗಿಗೆ ಹೊಡೆಯಿತು. ಅತ್ಲೋನ್ ಎಂಬ ಈ ಐರಿಶ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮುದುಕರ ಕೋಟಿಗೂ ಇದೇ ವಾಸನೆ ಇರುತ್ತಿತ್ತು...

ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು ಅಚ್ಚು ತೆಗೆಯುವುದು ಅವರ ಕಸುಬು. ಹೆಂಡತಿ ತೀರಿಹೋದ ಮೇಲೆ ಒಬ್ಬರೇ ಇದ್ದರು. ಕೊರೊನಾ ಬಂದಾಗಿನಿಂದ ಬೇಲಿಯ ಆಚೆ ಈಚೆ ನಿಂತು ಮಾತಾಡುತ್ತಿದ್ದೆವು.

ಆ ಬೇಸಿಗೆಯಲ್ಲಿ ಮೈಸೂರಿನಲ್ಲಿ ಅಮ್ಮ ತೀರಿಕೊಂಡಳು. ವಿಮಾನಗಳಿರಲಿಲ್ಲ. ತಾಯಿಗೆ ಕಿರಿಯ ಮಗ ಕೊಳ್ಳಿ ಇಡುವುದು ನಮ್ಮ ಮನೆಯ ಪದ್ಧತಿ. ಆ ಕಿರಿಯ ಮಗ ಇಲ್ಲಿ ಅಡುಗೆಮನೆಯಲ್ಲಿ ಫೋನ್ ಹಿಡಿದು ನೋಡುತ್ತಿದ್ದ. ಕೊಳ್ಳಿ ಇಟ್ಟವನು ಅಣ್ಣ.

ಮೂರನೆಯ ದಿನ ಮುದುಕರು ಬಾಗಿಲು ತಟ್ಟಿ, ಚೌಕಟ್ಟು ಹಾಕಿದ ಚಿತ್ರವೊಂದನ್ನು ಹೊಸ್ತಿಲಿಗೆ ಒರಗಿಸಿ ಹಿಂದೆ ಸರಿದು ನಿಂತರು. ಯಾವುದೋ ಗ್ರೀಕ್ ಮೂರ್ತಿಯನ್ನು ನೋಡಿ ಇನ್ನೂರು ವರ್ಷಗಳ ಹಿಂದೆ ಕೊರೆದ ಅಚ್ಚು. ರೆಕ್ಕೆಯ ಯುವಕನೊಬ್ಬ ತಲೆ ಬಾಗಿಸಿ, ಪಂಜನ್ನು ನೆಲಕ್ಕೆ ತಗ್ಗಿಸಿದ್ದಾನೆ. ನನಗೆ ಕಂಡದ್ದು ಚಿತೆಗೆ ಕೊಳ್ಳಿ ಇಡುತ್ತಿರುವ ಮಗ. ಗಾಯದ ಮೇಲೆ ಬರೆ ಎಳೆದಂತಾಯಿತು. ಮೊದಲು ಇದನ್ನು ತೆಗೆದುಕೊಂಡು ಹೋಗಿ ಎಂದು ಕೂಗಾಡಿದೆ.

"ರೀ, ಅವರಿಗೇನ್ ಗೊತ್ತು ನಮ್ ಶಾಸ್ತ್ರ? ಪಾಪ, ಒಳ್ಳೇದಕ್ಕೇ ತಂದಿರ್ತಾರೆ" ಎಂದಳು ಹೆಂಡತಿ. ನಾನು ಕೇಳಲಿಲ್ಲ. ಮುದುಕರ ಮುಖ ಸಪ್ಪಗಾಯಿತು. "ಗ್ರ್ಯಾಂಡ್, ಗ್ರ್ಯಾಂಡ್..." ಎಂದು, ಇಲ್ಲಿಯವರು ಪರವಾಗಿಲ್ಲ ಎನ್ನುವ ರೀತಿಯಲ್ಲಿ ಹೇಳುತ್ತಾ ಚಿತ್ರ ಎತ್ತಿಕೊಂಡು ಹೊರಟರು. ಆಮೇಲೆ ಬೇಲಿಯ ಹತ್ತಿರ ಅವರು ಕಂಡರೆ ನಾನೇ ಒಳಗೆ ಹೋಗಿಬಿಡುತ್ತಿದ್ದೆ. ಮಾತಾಡಿಸಿದರಾಯಿತು, ಇವತ್ತಲ್ಲ ನಾಳೆ... ಎಂಥ ಬಿಗುಮಾನವೋ!

ಜನವರಿಯಲ್ಲಿ ಅವರಿಗೂ ಕೊರೊನಾ ತಗುಲಿತು. ಆಸ್ಪತ್ರೆಯಿಂದ ಮರಳಲಿಲ್ಲ. ಚರ್ಚಿನೊಳಗೆ ಹತ್ತೇ ಜನಕ್ಕೆ ಅವಕಾಶ. ಉಳಿದವರು ರಸ್ತೆಯ ಬದಿಯಲ್ಲಿ ದೂರ ದೂರ ನಿಂತಿದ್ದೆವು. ಶವದ ಕಾರು ಅವರ ಮನೆಯ ಮುಂದೆ ಒಂದು ಗಳಿಗೆ ನಿಂತು ಮುಂದೆ ಹೋಯಿತು.

ಮನೆ ಖಾಲಿ ಮಾಡಲು ಅವರ ಮಗಳು ಬಂದಾಗ, ಆ ಚಿತ್ರದಲ್ಲಿ ನನಗೆ ಕಂಡದ್ದನ್ನು ಹೇಳಿಕೊಂಡೆ. ಅವಳು ತಲೆ ಅಲ್ಲಾಡಿಸಿದಳು.

"ಅವನು ಬೆಂಕಿ ಹಚ್ತಿಲ್ಲ, ಆರಿಸ್ತಿದ್ದಾನೆ. ಅವನೇ ಸಾವು. ಮುಂಚೆಲ್ಲ ಸಾವು ಅಂದ್ರೆ ಅಸ್ಥಿಪಂಜರ ಬರೀತಿದ್ರಂತೆ. ಆಮೇಲಿನವರು ಗ್ರೀಕ್ ಮೂರ್ತಿಗಳನ್ನ ನೋಡಿ, ಸಾವು ನಿದ್ದೆಯ ತಮ್ಮ ಅಂತ ಹೀಗೆ ಕೊರೆದ್ರು. ಅಮ್ಮ ಹೋದ್ಮೇಲೆ ಅಪ್ಪ ಅದನ್ನ ನೋಡ್ಕೊಂಡೇ ಮಲಗ್ತಿದ್ರು. ಮಂಚದ ಎದುರಿಂದ ತೆಗೆದು ನಿಮಗೆ ತಂದಿದ್ದು."

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಅಮ್ಮನ ಬಳಿ ಹೋಗಲು ವಿಮಾನವಿರಲಿಲ್ಲ ಎಂದು ಇವತ್ತಿಗೂ ಸಮಾಧಾನ ಹೇಳಿಕೊಳ್ಳುತ್ತೇನೆ. ಆ ಮುದುಕರ ಬಾಗಿಲಿಗೆ ಇಪ್ಪತ್ತು ಹೆಜ್ಜೆ ಇತ್ತು. ನಾನು ಹೋಗಲಿಲ್ಲ.