ಅಮಾವಾಸ್ಯೆಗೊಂದು ಮಾತ್ರೆ

ಬೆಳಗಿನ ಆರೂವರೆ. ಕೆರೆಕಟ್ಟೆಯ ಗಿಡ್ಡಯ್ಯನವರ ಅಂಗಳದಲ್ಲಿ ಅಂಬಿಕಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾರೆ. ಎದುರಿಗೆ ಕೆಂಚ ಎಂಬ ನಾಯಿ ಬಾಲ ಅಲ್ಲಾಡಿಸುತ್ತಿದೆ. ಮಾತ್ರೆ ಮಾತ್ರ ಚೀಲದಿಂದ ಹೊರಗೆ ಬರುತ್ತಿಲ್ಲ.

"ಊರ ನಾಯಿಗೆಲ್ಲ ಕೊಡ್ತೀಯ, ನಮ್ದಕ್ಕೆ ಎಂತಕ್ಕೆ ಇಲ್ಲ ಮಾರಾಯ್ತಿ?" ಗಿಡ್ಡಯ್ಯನವರಿಗೆ ಸಿಟ್ಟು.

"ಇದು ಹೋದ ವಾರ ಶೆಟ್ಟಿಕೊಪ್ಪದಿಂದ ಬಂದಿದ್ದು ಗಿಡ್ಡಯ್ಯಣ್ಣ. ಒಳಗೆ ಮೊದ್ಲೇ ಹುಳ ಇದ್ರೆ ಈ ಮಾತ್ರೆಯಿಂದ್ಲೇ ಅಪಾಯ ಆಗ್ಬಹುದು. ಒಂಬತ್ತಕ್ಕೆ ಡಾಕ್ಟ್ರು ಬರ್ತಾರೆ. ರಕ್ತ ನೋಡ್ಲಿ."

"ರಕ್ತ ತೆಗೆದ್ರೆ ಸೊರಗಿ ಹೋಗ್ತದೆ. ಆಮೇಲೆ ತೋಟದ ಮಂಗ ಓಡ್ಸೋರು ಯಾರು, ನೀನಾ?"

"ಹ್ಞೂಂ, ನಾನೇ ಓಡಿಸ್ತೀನಿ."

ಅಂಬಿಕಾ ನಗುವುದಿಲ್ಲ. ಈ ಹಟ ಅವರಿಗೆ ಸುಮ್ಮನೆ ಬಂದದ್ದಲ್ಲ.

ನಲವತ್ತೆರಡರ ಅಂಬಿಕಾ ಈ ಭಾಗದ ಪಶುಸಖಿ, ಮನೆಮನೆಗೆ ಹೋಗಿ ಜಾನುವಾರುಗಳ ಆರೋಗ್ಯ ವಿಚಾರಿಸುವವರು. ದನಕರುಗಳ ಕೆಲಸ ಹೇಗೂ ಇದೆ; ನಾಯಿಗಳ ಹೃದಯದ ಹುಳ ಅವರೇ ತಲೆಗೆ ಕಟ್ಟಿಕೊಂಡ ಉಸಾಬರಿ. ಸೊಳ್ಳೆ ಕಚ್ಚಿದಾಗ ಒಳಸೇರುವ ಮರಿಹುಳ ಆರೇಳು ತಿಂಗಳಲ್ಲಿ ಶ್ಯಾವಿಗೆ ಎಳೆಯಂತೆ ಬೆಳೆದು ಹೃದಯ, ಶ್ವಾಸಕೋಶದ ರಕ್ತನಾಳಗಳಲ್ಲಿ ಬೀಡುಬಿಡುತ್ತದೆ. ಬಲಿತ ಮೇಲೆ ಚಿಕಿತ್ಸೆ ಬಹಳ ಕಷ್ಟ. ತಿಂಗಳಿಗೊಂದು ಮಾತ್ರೆ ಬಿದ್ದರೆ ಅದು ಮರಿಯಲ್ಲೇ ಸಾಯುತ್ತದೆ.

ತಾರೀಕು ಹೇಳಿದರೆ ಇಲ್ಲಿ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಅಂಬಿಕಾ ಅಮಾವಾಸ್ಯೆ ಗೊತ್ತು ಮಾಡಿದರು. ಅಮಾವಾಸ್ಯೆಯ ದಿನ ಔಷಧಿ ಶುರು ಮಾಡಬಾರದು ಎಂದ ಹಿರಿಯರಿಗೆ, "ನಾಯಿಗೆ ಪಂಚಾಂಗ ಓದೂಕೆ ಬರಲ್ಲ" ಎಂದು ಬಾಯಿ ಮುಚ್ಚಿಸಿದರು. ಈಗ ಅರವತ್ಮೂರು ನಾಯಿ, ಒಂಬತ್ತು ಕಿಲೋಮೀಟರ್ ನಡಿಗೆ. ಮಾತ್ರೆ ಅಡಗಿಸಿ ಕೊಟ್ಟ ಕಡುಬು ನುಂಗಿ ಮಾತ್ರೆಯನ್ನಷ್ಟೇ ಉಗಿಯುವ ಖದೀಮರೂ ಆ ಅರವತ್ಮೂರರಲ್ಲಿ ಇದ್ದಾರೆ.

ಮೊದಲು ಮಾತ್ರೆಯನ್ನು ಮನೆಯವರ ಕೈಗೇ ಕೊಟ್ಟು ಬರುತ್ತಿದ್ದರು. ಬೊಗ್ಗ ಎಂಬ ನಾಯಿ ಮೂರು ಮನೆಯದ್ದು. ಮೂರು ಹೊತ್ತು ಮೂರು ಕಡೆ ಅದರ ಊಟ. ಯಾರಾದರೂ ಒಬ್ಬರು ತಿನ್ನಿಸಿ ಎಂದು ಮೂರೂ ಮನೆಗೆ ಹೇಳಿ ಮಾತ್ರೆ ಕೊಟ್ಟರು. ಪಕ್ಕದವರು ಕೊಟ್ಟಿರುತ್ತಾರೆ, ನಾವೂ ಕೊಟ್ಟರೆ ಹೆಚ್ಚಾದೀತು ಎಂದು ಮೂವರೂ ಸುಮ್ಮನಿದ್ದರು. ಮಳೆಗಾಲ ಕಳೆದು ಬೇಸಿಗೆ ಬರುವಷ್ಟರಲ್ಲಿ ಬೊಗ್ಗನಿಗೆ ಗುಡ್ಡ ಹತ್ತಿದರೆ ಏದುಸಿರು, ಕೆಮ್ಮು. ಹೊಟ್ಟೆ ಊದಿಕೊಂಡು ಒಂದು ದಿನ ಸತ್ತೇಹೋಯಿತು.

"ಅವರನ್ನ ಬೈದು ಎಂತ ಮಾಡೂದು? ತಪ್ಪು ನಂದು. ನುಂಗಿದ್ದನ್ನ ನಾನು ಕಣ್ಣಾರೆ ನೋಡ್ಬೇಕಿತ್ತು," ಎನ್ನುತ್ತಾರೆ ಅಂಬಿಕಾ. ಅಂದಿನಿಂದ ಪ್ರತಿ ಮಾತ್ರೆಯೂ ಅವರ ಕೈಯಿಂದಲೇ.

ಒಂಬತ್ತಕ್ಕೆ ಪಶುವೈದ್ಯೆ ಶಾಂಭವಿಯವರ ಜೀಪು ಬರುತ್ತದೆ. ಗಿಡ್ಡಯ್ಯನವರು ಗೊಣಗುತ್ತಲೇ ಕೆಂಚನನ್ನು ತಾವೇ ಹಿಡಿದುಕೊಳ್ಳುತ್ತಾರೆ. ಹತ್ತು ನಿಮಿಷ ಎಲ್ಲರ ಕಣ್ಣೂ ಪರೀಕ್ಷೆಯ ಕಿಟ್ ಮೇಲೆ. ಒಂದೇ ಗೆರೆ ಮೂಡುತ್ತದೆ.

"ಒಂದು ಗೆರೆ ಅಂದ್ರೆ ಒಂದು ಹುಳನಾ?" ಗಿಡ್ಡಯ್ಯನವರ ಮುಖ ಬಿಳಿಚಿಕೊಂಡಿದೆ.

"ಇಲ್ಲ ಅಂತ ಲೆಕ್ಕ. ಮರಿಹುಳ ಇದ್ರೆ ಈಗ್ಲೇ ಕಾಣಲ್ಲ, ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವ," ಎನ್ನುತ್ತಾರೆ ವೈದ್ಯೆ.

ಅಂಬಿಕಾ ಕೆಂಚನ ದವಡೆ ಬಿಡಿಸಿ ಮಾತ್ರೆ ಒಳಗಿಡುತ್ತಾರೆ. ಮೂತಿ ಮುಚ್ಚಿ ಹಿಡಿದು, ಅದು ನುಂಗುವವರೆಗೂ ಗಂಟಲು ಸವರುತ್ತಾರೆ.

ಇಷ್ಟು ಓಡಾಡಿ ನಿಮಗೇನು ಆಸೆ ಎಂದರೆ, ಚೀಲ ಹೆಗಲಿಗೇರಿಸುತ್ತಾ ಹೇಳುತ್ತಾರೆ: "ಮುಂದೊಂದಿನ ಯಾರಾದ್ರೂ ಬಂದು ಹೃದಯದ ಹುಳದ ವಿಷ್ಯ ಕೇಳಿದ್ರೆ, 'ಹಂಗಂದ್ರೆ ಎಂತದು?' ಅಂತ ಈ ಊರೋರು ತಿರುಗಿ ಕೇಳ್ಬೇಕು. ಅಷ್ಟಾದ್ರೆ ಸಾಕು ನಂಗೆ."