ಹಗ್ಗ ಎಳೆದ ಕೈಗೆ ಹೊಸ ಕೆಲಸ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಪಾನಿನ ಶಿಮಾ ಕರಾವಳಿಯ ಮರಳಿನ ಮೇಲೆ ಯಮಶಿತಾ ಇವಾವೊ ಕುಕ್ಕರಗಾಲಲ್ಲಿ ಕೂತು ಅಗಲವಾದ ಸರ್ಫಿಂಗ್ ಬೋರ್ಡಿಗೆ ಮೇಣ ಉಜ್ಜುತ್ತಿದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ಸ್ವತಃ ಒಂದು ದಿನವೂ ಬೋರ್ಡು ಹತ್ತಿದವರಲ್ಲ. "ನಂಗ್ಯಾಕಪ್ಪಾ ಅದು? ಬಿದ್ರೆ ಸೊಂಟ ಹೋಗುತ್ತೆ," ಎಂದು ನಗುತ್ತಾರೆ.

ಭಾನುವಾರ ಬೆಳಿಗ್ಗೆ ಈ ತೀರಕ್ಕೆ ಬರುವವರು ಮೋಜಿನ ಸರ್ಫರ್‌ಗಳಲ್ಲ. ಕಾಲಿನ ಸ್ವಾಧೀನ ಕಳೆದುಕೊಂಡವರು, ಪಾರ್ಶ್ವವಾಯು ಬಡಿದವರು, ವರ್ಷಗಟ್ಟಲೆ ಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಉಳಿದವರು, ರಾತ್ರಿ ನಿದ್ದೆ ಹತ್ತದವರು. ಅಲೆಯ ಮೇಲೆ ಒಂದಷ್ಟು ಹೊತ್ತು ಕಳೆದರೆ ಮೈಗೂ ಮನಸ್ಸಿಗೂ ಹಗುರ ಎಂದು ನಂಬಿ ಫಿಸಿಯೋಥೆರಪಿಸ್ಟ್ ನಾಗೈ ಚಿಸಾತೊ ಈ ತಂಡ ಕಟ್ಟಿದ್ದಾರೆ. ಅಲೆ ಏಳುವಲ್ಲಿ ನಿಂತು ಬೋರ್ಡು ತಳ್ಳುವುದು ಚಿಸಾತೊ. ದಡದ ಕಡೆ ಎದೆಮಟ್ಟದ ನೀರಿನಲ್ಲಿ ನಿಂತು ಬಂದವರನ್ನು ಹಿಡಿಯುವುದು ಇವಾವೊ. ತಂಡದ ಫೋಟೋಗಳಲ್ಲಿ ಅವರ ಟೋಪಿಯ ತುದಿ ಕಂಡರೆ ಅದೇ ಹೆಚ್ಚು.

ಹಿಡಿಯುವ ಕೆಲಸ ಅವರಿಗೆ ಹೊಸದೇನಲ್ಲ. ಹೆಂಡತಿ ಕಿನುಯೊ ಆಮಾ, ಅಂದರೆ ಸಮುದ್ರದಲ್ಲಿ ಮುಳುಗಿ ದುಡಿಯುವ ಹೆಂಗಸು. ಉಸಿರು ಬಿಗಿಹಿಡಿದು ಸಮುದ್ರದ ತಳಕ್ಕಿಳಿದು ಅವಾಬಿ ಚಿಪ್ಪು ಕೀಳುತ್ತಿದ್ದವರು. ಅವರ ಸೊಂಟದ ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿ ಇವಾವೊ ಕೈಯಲ್ಲಿರುತ್ತಿತ್ತು. ಹಗ್ಗ ಒಮ್ಮೆ ಅಲುಗಿದರೆ ಯಾಕೆ, ಏನು ಎಂದು ಯೋಚಿಸುವಂತಿಲ್ಲ, ಎಳೆಯಬೇಕು. ತಡವಾದರೆ ಹೆಂಡತಿಯ ಜೀವಕ್ಕೇ ಅಪಾಯ. ಕಿವಿ ಕೆಟ್ಟು ಕಿನುಯೊ ಮುಳುಗುವುದು ಬಿಟ್ಟ ಮೇಲೆ ಹಗ್ಗ ಗೂಟ ಸೇರಿತು. ಕೈಯ ಅಭ್ಯಾಸ ಮಾತ್ರ ಹೋಗಲಿಲ್ಲ.

"ನಾನು ಅಲುಗಿಸದಿದ್ರೂ ಎಳೀತಿದ್ರು ಈ ಮನುಷ್ಯ!" ಆಮಾಗಳ ಹಳೆಯ ಗುಡಿಸಲಿನಲ್ಲಿ ಬೆಂಕಿ ಹೊತ್ತಿಸುತ್ತಾ ಕಿನುಯೊ ಆಡಿಕೊಳ್ಳುತ್ತಾರೆ. "ಇಷ್ಟು ದಪ್ಪ ಅವಾಬಿ ಕಣ್ಣೆದುರೇ ಇರ್ತಿತ್ತು. ಕೈ ಹಾಕೋ ಅಷ್ಟರಲ್ಲಿ ನಾನು ಮೇಲೆ!"

"ಬದುಕಿದ್ದೀಯಲ್ಲ, ಅದಕ್ಕೇ ಬೈಯೋಕೆ ಬಾಯಿದೆ," ಎನ್ನುತ್ತಾರೆ ಇವಾವೊ.

ಅದೇ ಅಭ್ಯಾಸ ಈಗ ಮುಳುವಾಗಿದೆ. ಶೂಹೇ ಎಂಬ ಲಾರಿ ಚಾಲಕರು ಸರಕಿನ ಮೇಲಿಂದ ಬಿದ್ದು ಸೊಂಟದ ಕೆಳಗೆ ಬಲ ಕಳೆದುಕೊಂಡವರು. ಕಳೆದ ವಾರ ಅವರು ಬೋರ್ಡಿನ ಮೇಲೆ ಬೋರಲಾಗಿ ಮಲಗಿ ಅಲೆಯೇರಿ ಬರುವಾಗ ಬೋರ್ಡು ಕೊಂಚ ವಾಲಿತು. ಬೀಳುವ ಮೊದಲೇ ಇವಾವೊ ನುಗ್ಗಿ ಅವರನ್ನು ಬಾಚಿ ಎತ್ತಿಬಿಟ್ಟರು. ಶೂಹೇ ರೇಗಿದರು.

"ಅಜ್ಜಾ, ಆಸ್ಪತ್ರೇಲಿ ನರ್ಸ್‌ಗಳು ಹಿಡ್ಕೋತಾರೆ, ಮನೇಲಿ ಅಮ್ಮ ಹಿಡ್ಕೋತಾಳೆ, ಇಲ್ಲಿ ನೀವು. ಒಂದ್ಸಲ ಬೀಳೋಕಾದ್ರೂ ಬಿಡ್ರೀ!"

ಚಿಸಾತೊ ನಯವಾಗಿಯೇ ಹೇಳಿದರು. "ಅವ್ರಿಗೆ ಲೈಫ್ ಜಾಕೆಟ್ ಇದೆ, ಪಕ್ಕದಲ್ಲೇ ನಾವಿದ್ದೀವಿ. ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ದಡದ ಕೆಲಸಕ್ಕೆ ಹಾಕ್ಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ ಅಜ್ಜಾ."

ಅಂದಿನಿಂದ ಇವಾವೊಗೆ ಅನ್ನ ಸೇರಿಲ್ಲ. ಹುಟ್ಟಿದಾಗಿನಿಂದ ನೀರಿನಲ್ಲೇ ದುಡಿದವರಿಗೆ ದಡದಲ್ಲಿ ಕೂರು ಎನ್ನುವುದು ಸಣ್ಣ ಮಾತಲ್ಲ.

ಇವತ್ತು ಅವರು ಗೂಟದ ಹಳೆಯ ಹಗ್ಗದಿಂದ ಒಂದು ತುಂಡು ಕತ್ತರಿಸಿ ತಂದಿದ್ದಾರೆ. ನೀರಿಗಿಳಿದು, ಅದನ್ನು ಬೆನ್ನ ಹಿಂದೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಲ್ಲುತ್ತಾರೆ. ಅಲೆ ಬರುತ್ತದೆ, ಅಲೆಯ ಮೇಲೆ ಶೂಹೇ. ಬೋರ್ಡು ವಾಲುತ್ತದೆ. ಇವಾವೊ ಭುಜ ಅದುರುತ್ತದೆ, ಆದರೆ ಕೈ ಮುಂದೆ ಬರುವುದಿಲ್ಲ. ಶೂಹೇ ದೊಪ್ಪನೆ ಬಿದ್ದು ನೊರೆಯೊಳಗೆ ಕಾಣೆಯಾಗುತ್ತಾರೆ. ಅಯ್ಯೋ, ಆ ಒಂದು ಕ್ಷಣ ಮುಗಿಯುವುದೇ ಇಲ್ಲ! ಆಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು ಮೇಲೇಳುತ್ತದೆ.

"ಬಿದ್ದೆ!" ಶೂಹೇ ಉಪ್ಪುನೀರು ಉಗುಳುತ್ತಾ ಕೂಗುತ್ತಾರೆ. "ಅಜ್ಜಾ, ನೋಡಿದ್ರಾ? ನಾನೇ ಬಿದ್ದೆ!"

ಅವರು ತಾವಾಗಿ ಕೈ ಚಾಚಿದ ಮೇಲೆಯೇ ಇವಾವೊ ಹಗ್ಗ ಬಿಟ್ಟು ಆ ಕೈ ಹಿಡಿಯುತ್ತಾರೆ.

ಗುಡಿಸಲಿನ ಬೆಂಕಿಯ ಮುಂದೆ ಶೂಹೇ ಮೋಚಿ ಎಂಬ ಅಕ್ಕಿ ಕಡುಬನ್ನು ಸುಟ್ಟು ತಿನ್ನುತ್ತಾ ಬಿದ್ದ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತಿದ್ದಾರೆ. "ಮುಂದಿನ ವಾರಾನೂ ನೀರಲ್ಲಿ ನಿಮ್ಗೆ ಅದೇ ಜಾಗ, ಅಜ್ಜಾ," ಎಂದು ಹೇಳಿ ಚಿಸಾತೊ ಬೋರ್ಡು ಎತ್ತಿಡಲು ಹೋಗುತ್ತಾರೆ. ಇವಾವೊ ಅಂಗೈಯಲ್ಲಿ ಹಗ್ಗದ ಗುರುತು ಕೆಂಪಗೆ ಮೂಡಿದೆ. ಕಿನುಯೊ ಆ ಕೈಗೆ ಬಿಸಿ ಚಹಾದ ಲೋಟ ಕೊಟ್ಟು ಕೆಣಕುತ್ತಾರೆ.

"ಆ ಹುಡುಗ ನೀರೊಳಗಿದ್ದಾಗ ನೀವೇನ್ ಮಾಡ್ತಿದ್ರಿ?"

"ಏನೂ ಮಾಡ್ಲಿಲ್ಲ ಕಣೇ," ಎನ್ನುತ್ತಾರೆ ಇವಾವೊ. "ಇಷ್ಟು ವರ್ಷ ನಿನ್ನ ಎಳ್ದಿದ್ದೀನಿ, ಒಂದ್ ದಿನಾನೂ ಇಷ್ಟು ಸುಸ್ತಾಗಿರ್ಲಿಲ್ಲ."