ಮೆಷಿನ್ ಅಕ್ಕ ಕೊಡುವ ಕೀಲಿ

ಬೀದಿಯವರಿಗೆಲ್ಲ ಅವಳು ಮೆಷಿನ್ ಅಕ್ಕ. ಮೂವತ್ತು ವರ್ಷ ತನ್ನ ರಿಪೇರಿ ಅಂಗಡಿಯಲ್ಲಿ ಹೊಲಿಗೆ ಯಂತ್ರಗಳನ್ನು ಬಿಚ್ಚಿ ಜೋಡಿಸಿದ ಕೈ ಅವಳದು. ತಯಾರಿಸಿದವರೇ ಮರೆತುಬಿಟ್ಟ ಯಂತ್ರಗಳ ಒಂದೊಂದು ಭಾಗವನ್ನೂ ಅಳತೆ ಮಾಡಿ ಬರೆದ ನಾಲ್ಕು ಸಾವಿರ ಚಿತ್ರಗಳು ಮನೆಯ ಮೆಟ್ಟಿಲ ಕೆಳಗಿನ ಕಂಪ್ಯೂಟರಿನಲ್ಲಿದ್ದವು. ದೂರದೂರದ ಮೆಕ್ಯಾನಿಕ್‌ಗಳಿಗೆ ಅವು ಬೇಕಿದ್ದವು. ಬಿಡಿಭಾಗ ಮಾರುವ ಕಂಪನಿಯೊಂದರ ಕಣ್ಣೂ ಅವುಗಳ ಮೇಲಿತ್ತು. "ನಮ್ಮ ಸರ್ವರ್‌ನಲ್ಲಿಡಿ, ಪುಕ್ಕಟೆ" ಎಂದಿತು. ಇಟ್ಟದ್ದೆಲ್ಲ ಕಂಪನಿಯದೇ ಆಗುತ್ತದೆ ಎಂಬ ಮಾತು ಕರಾರಿನ ಹನ್ನೊಂದನೆಯ ಪುಟದಲ್ಲಿತ್ತು. ಅಕ್ಕ ಹನ್ನೊಂದನೆಯ ಪುಟವನ್ನೂ ಓದುವವಳು.

"ನಮ್ಮನೇಲೇ ಇರ್ಲಿ. ಬೇಕಾದವ್ರು ಇಂಟರ್ನೆಟ್ಟಲ್ಲಿ ಇಲ್ಲಿಗೇ ಬಂದು ನೋಡ್ಲಿ" ಎಂದಳು.

ಅಳಿಯ ಹುಮ್ಮಸ್ಸಿನಿಂದ ರೌಟರಿನಲ್ಲಿ ದಾರಿ ತೆರೆದು, ಹೊರಗಿನವರು ನೇರ ಕಂಪ್ಯೂಟರಿಗೇ ಬರುವಂತೆ ಮಾಡಿದ. ಪಾಸ್‌ವರ್ಡ್ ಹೆಂಡತಿಯ ಹೆಸರು. ಪ್ರೀತಿ ದೊಡ್ಡದು, ಬುದ್ಧಿ ಸಣ್ಣದು. ಮೂರೇ ದಿನಕ್ಕೆ ಯಾರೋ ನುಗ್ಗಿ ಒಂದು ಚಿತ್ರವೂ ತೆರೆಯದ ಹಾಗೆ ಮಾಡಿ ಹೋದರು. ಸೂಜಿಗಳ ಡ್ರಾಯರಿನಲ್ಲಿ ಅಕ್ಕ ಬೇರೆಯಾಗಿಟ್ಟ, ಚಿತ್ರಗಳ ಪ್ರತಿಯಿದ್ದ ಡಿಸ್ಕ್ ಇಲ್ಲದಿದ್ದರೆ ಮೂವತ್ತು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತಿತ್ತು.

"ಸಾಕು ಅತ್ತೆ, ಕಂಪನಿಗೇ ಕೊಟ್ಬಿಡೋಣ" ಎಂದ ಅಳಿಯ.

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ? ಚಿಲಕ ಹಾಕ್ದೆ ಬಿಟ್ಟಿದ್ದು ನೀನು. ಬಾಗಿಲಿನ ತಪ್ಪೇನು?"

ಅಕ್ಕನಿಗೆ ಸಿಟ್ಟು ಬಂದರೆ ಕೆಲಸ ಸಾಗುತ್ತದೆ. ಎರಡು ತಿಂಗಳು ಓದಿದಳು, ಕೆಡಿಸಿದಳು, ಮತ್ತೆ ಓದಿದಳು. ರೌಟರಿನ ದಾರಿಗಳನ್ನೆಲ್ಲ ಮುಚ್ಚಿದಳು. ಹೊರಗೆಲ್ಲೋ ಪುಟ್ಟ ಸರ್ವರ್ ಬಾಡಿಗೆಗೆ ಹಿಡಿದು, ಮನೆಯೊಳಗಿನಿಂದಲೇ ಅದರವರೆಗೆ ಸುರಂಗದಂಥ ಗುಪ್ತ ದಾರಿ ತೆಗೆದಳು; ಚಿತ್ರಗಳು ಮಾತ್ರ ಮನೆಯಲ್ಲೇ. ಬಂದವರು ಅಲ್ಲಿ ನಿಂತು ಅಕ್ಕ ಕೊಟ್ಟ ಡಿಜಿಟಲ್ ಕೀಲಿ ತೋರಿಸಬೇಕು. ಒಬ್ಬೊಬ್ಬರಿಗೆ ಒಂದೊಂದು, ಕಳೆದರೆ ಅದೊಂದೇ ರದ್ದು. ಒಳಗೆ ಬಂದವರಿಗೂ ಚಿತ್ರಗಳ ಹೊರತು ಬೇರೇನೂ ಕಾಣದು. ಬೆಳಿಗ್ಗೆ, ಬಂದವರ ಲೆಕ್ಕವಿಡುವ ಲಾಗ್ ತೆರೆದರೆ ಸಾವಿರಾರು ಅಪರಿಚಿತರು ಬಾಗಿಲು ತಟ್ಟಿದ ಗುರುತು.

"ತಟ್ರಪ್ಪಾ, ಕೈ ನೋಯೋದು ನಿಮ್ಗೇ" ಎಂದು ಅಕ್ಕ ಚಹಾ ಹೀರುತ್ತಿದ್ದಳು. ಆಗಿನ ಅವಳ ಖುಷಿ ನೋಡಬೇಕಿತ್ತು.

ಕೀಲಿ ಕೇಳಿದವರಿಗೆ ಒಂದೇ ಷರತ್ತು: ತಾವು ಕೈಯಾರೆ ಸರಿಮಾಡಿದ ಯಾವುದಾದರೂ ಭಾಗದ ಚಿತ್ರವನ್ನು ಅಳತೆ ಸಮೇತ ಬರೆದು ಕಳಿಸಬೇಕು. ಅರವತ್ತೆರಡು ಮಂದಿ ಕಳಿಸಿದರು. ಕೊನೆಗೆ ಕಂಪನಿಯ ಮ್ಯಾನೇಜರನೇ ಫೋನ್ ಮಾಡಿದ.

"ಮೇಡಂ, ನಮ್ಗೂ ಒಂದು ಕೀಲಿ ಕೊಡಿ."

"ಧಾರಾಳವಾಗಿ. ನೀವು ರಿಪೇರಿ ಮಾಡಿರೋ ಒಂದು ಭಾಗದ ಚಿತ್ರ ಕಳ್ಸಿ."

"ನಾವು ರಿಪೇರಿ ಮಾಡಲ್ಲ ಮೇಡಂ. ಹೊಸದು ತಗೊಳ್ಳಿ ಅಂತೀವಿ."

"ಹಾಗಾದ್ರೆ ಸೋಮವಾರ ಅಂಗಡಿಗೆ ಬನ್ನಿ. ಮೊದ್ಲು ಸ್ಕ್ರೂಡ್ರೈವರ್ ಹಿಡಿಯೋದು ಕಲಿಸ್ತೀನಿ, ಕೀಲಿ ಆಮೇಲೆ" ಎಂದು ಅಕ್ಕ ಫೋನ್ ಇಟ್ಟಳು.